ಫಾರ್ಸಿಯಲ್ಲಿ ಎಣಿಸುವಾಗ ಕೈ, ಬಾಯಿ, ಹೊಟ್ಟೆ, ಬೆನ್ನು ಎಲ್ಲಾ ಬರುತ್ತವೆ. ಇದಕ್ಕೆ ಏನಾದರೂ ಲೆಕ್ಕ ಇದೆಯಾ?

ಕಾವೇರಿತೀರ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಓದುತ್ತಿದ್ದೇನೆ. ನಮ್ಮ ವಿಭಾಗದಲ್ಲಿ ಇರಾನಿನ ಇಸ್ಫಹಾನಿನಿಂದ ಬಂದ ಗೆಳತಿಯೊಬ್ಬಳಿದ್ದಾಳೆ, ಅವಳ ಹತ್ತಿರ ಫಾರ್ಸಿ ಕಲಿಯುತ್ತಿದ್ದೇನೆ. ಲಿಪಿ ಬಂತು, ಸಣ್ಣಪುಟ್ಟ ವಾಕ್ಯ ಬಂತು. ಅಂಕಿಗಳೂ ಕಷ್ಟವಿಲ್ಲ. ಯೆಕ್, ದೊ, ಸೆ, ಚಹಾರ್, ಪಂಜ್ ಅಂತ ಹೋಗುತ್ತವೆ, ಹಿಂದಿ ಗೊತ್ತಿದ್ದವರಿಗೆ ಅರ್ಧ ಪರಿಚಯದವೇ. ತೊಡಕು ಬಂದಿರುವುದು ಅಂಕಿಗೂ ವಸ್ತುವಿಗೂ ನಡುವೆ ಕೂರುವ ಪದಗಳಲ್ಲಿ.

ಒಂದು ಸೂಟ್ ಅನ್ನಬೇಕಾದರೆ 'ಯೆಕ್ ದಸ್ತ್ ಕೊತ್-ಶಲ್ವಾರ್' ಅನ್ನುತ್ತಾರೆ. ದಸ್ತ್ ಅಂದರೆ ಕೈ. ಅಂದರೆ 'ಒಂದು ಕೈ ಕೋಟು ಪ್ಯಾಂಟು' ಅಂತಾಯಿತು. ಸೋಫಾ ಸೆಟ್ಟಿಗೂ ಕೈ, ಒಂದು ಆಟ ಚದುರಂಗಕ್ಕೂ ಕೈ. ಅಷ್ಟಾದರೆ ಸರಿ ಅಂದುಕೊಂಡರೆ, ಒಂದು ಹಾಡು ಹೇಳು ಅನ್ನುವುದಕ್ಕೆ 'ಒಂದು ಬಾಯಿ ಹಾಡು' ಅನ್ನುತ್ತಾರೆ, ಅಂಗಡಿಯನ್ನೂ ಬಾಯಿಯ ಲೆಕ್ಕದಲ್ಲೇ ಎಣಿಸುತ್ತಾರೆ, ಎರಡು ಹೆರಿಗೆಯಾದವಳನ್ನು 'ಎರಡು ಹೊಟ್ಟೆ ಹೆತ್ತವಳು' ಅನ್ನುತ್ತಾರೆ! ಗೆಳತಿಯನ್ನು ಕೇಳಿದರೆ 'ಹಾಗೇ ಹೇಳುವುದು' ಅನ್ನುತ್ತಾಳೆ. ಹುಟ್ಟಿನಿಂದ ಆಡಿದ ಮಾತಿಗೆ ಯಾರು ತಾನೇ ಕಾರಣ ಕೇಳಿಕೊಳ್ಳುತ್ತಾರೆ.

ನನ್ನ ಪ್ರಶ್ನೆ ಇಷ್ಟು. ಇದರಲ್ಲಿ ಏನಾದರೂ ಕ್ರಮ ಇದೆಯಾ ಅಥವಾ ಒಂದೊಂದನ್ನೂ ಸುಮ್ನೆ ಬಾಯಿಪಾಠ ಮಾಡಬೇಕಾ? ಅಂಕಿಗಳ ಹೆಸರುಗಳೂ ಮೈಯಿಂದಲೇ ಬಂದಿವೆಯಾ? ಕನ್ನಡದಲ್ಲಿ ಹಿಡಿ, ಬೊಗಸೆ, ಗೇಣು, ಮೊಳ ಇವೆ, ಅದೂ ಇದೂ ಒಂದೇ ಅನ್ನಬಹುದಾ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.


ಸಹನಾ_ಅನುವಾದ

ಒಳ್ಳೆಯ ಪ್ರಶ್ನೆ. ನಾನು ಫಾರ್ಸಿಯಿಂದ ಕನ್ನಡಕ್ಕೆ ಕಥೆಗಳನ್ನು ತರುತ್ತಿರುತ್ತೇನೆ, ಆದ್ದರಿಂದ ಈ ಪದಗಳ ಜೊತೆ ದಿನವೂ ಗುದ್ದಾಟ. ಕ್ರಮ ಇದೆ. ಆದರೆ ಅದು ವ್ಯಾಕರಣದ ಕ್ರಮ ಅಲ್ಲ, ಮೈ ವಸ್ತುವನ್ನು ಎಲ್ಲಿ ಮುಟ್ಟುತ್ತದೆ ಅನ್ನುವ ಕ್ರಮ. ಅದನ್ನು ಹಿಡಿದರೆ ಮುಕ್ಕಾಲು ಪಾಲು ಪದಗಳು ತಾವಾಗಿಯೇ ನೆನಪಿರುತ್ತವೆ.

ಮೊದಲು ನಮಗೆ ಪರಿಚಯ ಇರುವ ಬಗೆ. ಮೈಯೇ ಅಳತೆಯ ಪಾತ್ರೆ ಅಥವಾ ಅಳತೆಯ ಕೋಲು ಆಗುವುದು. ಯೆಕ್ ಮೊಶ್ತ್ ಅಂದರೆ ಒಂದು ಹಿಡಿ. ಈ ಮೊಶ್ತ್ ನಮ್ಮ ಮುಷ್ಟಿಯ ಒಡಹುಟ್ಟು. ಸಂಸ್ಕೃತವೂ ಫಾರ್ಸಿಯೂ ಒಂದೇ ಬೇರಿನವು, ಹಾಗಾಗಿ ದಸ್ತ್ ಮತ್ತು ಹಸ್ತ, ಅಂಗೊಶ್ತ್ ಮತ್ತು ಅಂಗುಷ್ಠ, ಸರ್ ಮತ್ತು ಶಿರಸ್ಸು, ತನ್ ಮತ್ತು ತನು ಇವೆಲ್ಲಾ ಜೋಡಿಗಳು. ಯೆಕ್ ವಜಬ್ ಅಂದರೆ ಒಂದು ಗೇಣು, 'ಒಂದು ಗೇಣು ಮಣ್ಣೂ ಬಿಟ್ಟುಕೊಡೆವು' ಅನ್ನುವ ಮಾತು ಅಲ್ಲೂ ಇದೆ. ಯೆಕ್ ಬಘಲ್ ಅಂದರೆ ಎರಡು ತೋಳಿನಲ್ಲಿ ತಬ್ಬಿ ಹಿಡಿಯುವಷ್ಟು, ಹೂವಿಗೆ, ಹುಲ್ಲಿಗೆ ಬಳಸುತ್ತಾರೆ. ಯೆಕ್ ಕಫೆ ದಸ್ತ್ ಅಂದರೆ ಅಂಗೈಯಷ್ಟು. ಅಲ್ಲಿನ ರೊಟ್ಟಿಗಳು ದೊಡ್ಡವು, ಹರಿದು ತಿನ್ನುವಂಥವು, ಆದ್ದರಿಂದ 'ಅಂಗೈಯಷ್ಟು ರೊಟ್ಟಿ ಕೊಡು' ಅನ್ನುವುದು ತುಂಬಾ ಸಹಜ. ಬೆರಳಿನ ಒಂದು ಗೆಣ್ಣಿನಷ್ಟು ಅನ್ನುವುದಕ್ಕೆ ಬಂದೆ ಅಂಗೊಶ್ತ್. ಹೆಬ್ಬೆರಳಷ್ಟು ಎತ್ತರದ ಹುಡುಗಿಯ ಮಕ್ಕಳ ಕಥೆ ಇದೆಯಲ್ಲ, ಫಾರ್ಸಿಯಲ್ಲಿ ಅವಳ ಹೆಸರೇ ಬಂದ್‌ಅಂಗೊಶ್ತಿ.

ಇಲ್ಲಿಯವರೆಗೆ ಕನ್ನಡ ಹೆಜ್ಜೆಗೆ ಹೆಜ್ಜೆ ಹಾಕುತ್ತದೆ. ಇನ್ನು ಮುಂದಿನದು ಫಾರ್ಸಿಯ ಸೊಗಸು. ಅಲ್ಲಿ ಮೈಯ ಭಾಗ ವಸ್ತುವನ್ನಷ್ಟೇ ಅಲ್ಲ, ಆ ಭಾಗ ಒಂದು ಸಲ ಮಾಡಿದ ಕೆಲಸವನ್ನೂ ಎಣಿಸುತ್ತದೆ. ಬಾಯಿ ಒಂದು ಸಲ ತೆರೆದು ಹಾಡಿದ್ದು ಯೆಕ್ ದಹನ್ ಆವಾಜ್. ಹೊಟ್ಟೆ ಒಂದು ಸಲ ಹೆತ್ತದ್ದು ಯೆಕ್ ಶೆಕಮ್. ಕೈ ಒಂದು ಸಲ ಕೂತು ಆಡಿದ್ದು ಯೆಕ್ ದಸ್ತ್, ಚದುರಂಗವಿರಲಿ, ಇಸ್ಪೀಟಿರಲಿ, ಪಗಡೆಯಂಥ ತಖ್ತೆ ಇರಲಿ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 'ಯೆಕ್ ದೆಲೆ ಸೀರ್'. ದೆಲ್ ಅಂದರೆ ಹೃದಯ, ಸೀರ್ ಅಂದರೆ ತುಂಬಿದ, ತಣಿದ. 'ಯೆಕ್ ದೆಲೆ ಸೀರ್ ಗೆರ್ಯೆ ಕರ್ದ್' ಅಂದರೆ ಮನಸ್ಸು ತುಂಬುವಷ್ಟು ಅತ್ತಳು ಅಂತ. ಅಳುವಿಗೂ ಒಂದು ಪ್ರಮಾಣ ಇದೆ, ಅದನ್ನು ಅಳೆಯುವ ಪಾತ್ರೆ ಹೃದಯ. ಇದನ್ನು ಕನ್ನಡಕ್ಕೆ ತರುವಾಗ 'ಮನಸಾರೆ ಅತ್ತಳು' ಅಂತ ಬರೆದು ಮುಂದೆ ಹೋಗುತ್ತೇನೆ, ಆದರೆ ಆ 'ಒಂದು' ಉಳಿಯುವುದಿಲ್ಲ. ಆ 'ಒಂದು' ಇದ್ದರೆ ಅಳು ಎಲ್ಲೋ ಒಂದು ಕಡೆ ತುಂಬಿ ನಿಲ್ಲುತ್ತದೆ ಅನ್ನುವ ಭರವಸೆ ಇರುತ್ತದೆ.

ಇನ್ನು ನೀವು ಹೇಳಿದ ಅಂಗಡಿ. ಅದು ದಹನ್ ಅಲ್ಲ, ದಹನೆ. ಕೊನೆಯ ಆ 'ಎ' ಗಮನಿಸಿ, ಅಲ್ಲೇ ಬೀಗದ ಕೈ ಇದೆ. ಫಾರ್ಸಿಯಲ್ಲಿ ಮೈಯ ಭಾಗದ ಹೆಸರಿಗೆ 'ಎ' ಸೇರಿಸಿದರೆ ಆ ಭಾಗದಂತೆ ಇರುವ ವಸ್ತು ಅಂತ ಆಗುತ್ತದೆ. ದಹನ್ ಬಾಯಿ, ದಹನೆ ಬಾಯಿಯಂತೆ ತೆರೆದದ್ದು. ತನ್ ಮೈ, ತನೆ ಮರದ ಕಾಂಡ. ದಂದಾನ್ ಹಲ್ಲು, ದಂದಾನೆ ಚಕ್ರದ ಹಲ್ಲು. ಗರ್ದನ್ ಕುತ್ತಿಗೆ, ಗರ್ದನೆ ಎರಡು ಬೆಟ್ಟಗಳ ನಡುವಿನ ಕಣಿವೆದಾರಿ. ಹೀಗೆ ಆದ ಪದಗಳಲ್ಲಿ ಕೆಲವು ಎಣಿಸುವ ಪದಗಳಾಗಿ ನಿಂತಿವೆ. ಬೀದಿಗೆ ಬಾಯಿ ತೆರೆದ ಅಂಗಡಿಗೆ ದಹನೆ, ಒಂದು ಕೈಯಲ್ಲಿ ಹಿಡಿಯುವ ಹೂಗೊಂಚಲಿಗೆ ದಸ್ತೆ, ಬೆನ್ನಿನ ಮೇಲೆ ಹೊರುವ ಸೌದೆ ಹೊರೆಗೆ ಪೊಶ್ತೆ. ಪೊಶ್ತ್ ಅಂದರೆ ಬೆನ್ನು. ಶಾಲೆಯ ತರಗತಿಗೂ ಈಗ ಪಾಯೆ ಅನ್ನುತ್ತಾರೆ, ಪಾ ಅಂದರೆ ಕಾಲು.

ನಿಮ್ಮ ಸೂಟಿನ 'ಕೈ' ಹೇಗೆ ಬಂತು ಅನ್ನುವುದಕ್ಕೆ ನನ್ನ ಊಹೆ ಇಷ್ಟು, ಒಟ್ಟಿಗೆ ಕೈಗೆ ಬರಬೇಕಾದ, ಬಿಡಿಯಾದರೆ ಕೆಲಸಕ್ಕೆ ಬಾರದ ವಸ್ತುಗಳಿಗೆಲ್ಲಾ ದಸ್ತ್ ಸೇರಿಕೊಂಡಿದೆ. ನಾವು 'ಒಂದು ಜೊತೆ ಬಟ್ಟೆ' ಅನ್ನುವುದಿಲ್ಲವಾ, ಅಂಗಿ ಪಂಚೆ ಸೇರಿಸಿ, ಅದೇ ಥರ. ತಟ್ಟೆ ಲೋಟಗಳಲ್ಲಿ ಒಂದು ದಸ್ತ್ ಅಂದರೆ ಸಾಮಾನ್ಯವಾಗಿ ಆರರ ಸೆಟ್ಟು.


ದುಬೈ_ಕುಂದಾಪುರ

ಸಹನಾ ಮೇಡಂ ಬರೆದದ್ದು ಎಲ್ಲಾ ಸರಿ. ನಾನು ದಿನನಿತ್ಯದ ಬಳಕೆ ಹೇಳುತ್ತೇನೆ. ದುಬೈನಲ್ಲಿ ಅಂಗಡಿ ಕೆಲಸ, ನಮ್ಮ ಸಾಹುಕಾರರು ದಕ್ಷಿಣ ಇರಾನಿನ ಲಾರ್ ಕಡೆಯವರು. ಮನೆಯಲ್ಲಿ ಅವರದು ಬೇರೆಯೇ ಮಾತು, ಗಿರಾಕಿಗಳ ಜೊತೆ ಫಾರ್ಸಿ. ಕೇಳಿ ಕೇಳಿ ನನಗೂ ಬಂತು.

ಬಾಯಿಮಾತಿನಲ್ಲಿ ಜಾಸ್ತಿ ಕಿವಿಗೆ ಬೀಳುವುದು 'ತಾ'. ಎರಡು ಚಹಾ 'ದೊ ತಾ ಚಾಯ್', ಮೂರು ಪುಸ್ತಕ 'ಸೆ ತಾ ಕೆತಾಬ್'. ಒಂದೇ ಒಂದು ಬೇಕಾದರೆ 'ಯೆ ದೂನೆ', ಅಂದರೆ ಒಂದು ಕಾಳು. ವಸ್ತು ಎಷ್ಟಿದ್ದರೂ ಬಹುವಚನ ಬೇಡ, 'ಮೂರು ಪುಸ್ತಕ' ಅಂತ ನಾವು ಹೇಳಿದ ಹಾಗೆಯೇ. ಜನರಿಗೆ ನಫರ್. ಹೋಟೆಲಿನ ಬಾಗಿಲಲ್ಲಿ 'ಚಂದ್ ನಫರಿನ್?' ಅಂತ ಕೇಳುತ್ತಾರೆ, ಎಷ್ಟು ಜನ ಇದ್ದೀರಿ ಅಂತ. ಇಷ್ಟು ಗೊತ್ತಿದ್ದರೆ ಸಂತೆ ಮಾಡಿಕೊಂಡು ಬರಬಹುದು. ಹಾಗಾಗಿ ಕಾವೇರಿತೀರ ಅವರೇ, ಹೆದರಿ ಕಲಿಕೆ ನಿಲ್ಲಿಸಬೇಡಿ.

ಆದರೆ ದಸ್ತ್ ಬಿಟ್ಟು ನಡೆಯದ ಒಂದು ಜಾಗ ಇದೆ. ಕಲ್ಲೆ-ಪಾಚೆ ಅಂತ ಅವರ ಬೆಳಗಿನ ಊಟ, ಕುರಿಯ ತಲೆ ಮತ್ತು ಕಾಲುಗಳನ್ನು ರಾತ್ರಿಯಿಡೀ ಬೇಯಿಸಿದ್ದು. ಅದನ್ನು ಪೂರ್ತಿ ಕೊಳ್ಳುವಾಗ 'ಯೆಕ್ ದಸ್ತ್ ಕಲ್ಲೆ-ಪಾಚೆ' ಅಂತಲೇ ಹೇಳುವುದು. ಒಂದು ತಲೆ, ನಾಲ್ಕು ಕಾಲು ಸೇರಿದರೆ ಒಂದು 'ಕೈ'! ಬಿಡಿಬಿಡಿಯಾಗಿ ತಿನ್ನುವವರು ನಾಲಗೆ ಬೇಕಾ, ಕೆನ್ನೆ ಬೇಕಾ, ಕಣ್ಣು ಬೇಕಾ, ಕಾಲು ಬೇಕಾ ಅಂತ ಹೇಳಿ ತರಿಸಿಕೊಳ್ಳುತ್ತಾರೆ. ಇರಾನಿ ಗೆಳೆಯರ ಜೊತೆ ಒಂದು ಚಳಿಗಾಲದ ಬೆಳಿಗ್ಗೆ ನಿಂಬೆಹುಳಿ ಹಿಂಡಿಕೊಂಡು ತಿಂದು ನೋಡಿ, ಪದವೂ ನೆನಪಿರುತ್ತದೆ, ರುಚಿಯೂ ನೆನಪಿರುತ್ತದೆ.


ಸೋಮವಾರಪೇಟೆ_ಮಳೆ

ದಹನೆ ಅಂದಾಗ ಹೇಳಲೇಬೇಕು ಅನಿಸಿತು. ನಿಮ್ಮ ಗೆಳತಿ ಇಸ್ಫಹಾನಿನವರು ಅಂದಿರಿ. ಅವರ ಊರಿನ ಹೆಮ್ಮೆಯೇ ಜಾಯಂದೆ ರೂದ್ ನದಿಯ ಮೇಲಿನ ಸೀ-ಒ-ಸೆ-ಪೊಲ್. ಹೆಸರಿನ ಅರ್ಥ 'ಮೂವತ್ಮೂರರ ಸೇತುವೆ'. ಶಾಹ್ ಅಬ್ಬಾಸನ ಕಾಲದಲ್ಲಿ, 1599ರಿಂದ 1602ರವರೆಗೆ ಕಟ್ಟಿದ್ದು. ಮೂವತ್ಮೂರು ಏನು ಅಂದರೆ ಕಮಾನುಗಳು, ಅವನ್ನು ದಹನೆ ಅಂತಲೂ ಎಣಿಸುತ್ತಾರೆ, ಚೆಶ್ಮೆ ಅಂತಲೂ ಎಣಿಸುತ್ತಾರೆ. ಒಂದು ಬಾಯಿಂದ ಬಂತು, ಇನ್ನೊಂದು ಕಣ್ಣಿನಿಂದ. ಚೆಶ್ಮ್ ಅಂದರೆ ಕಣ್ಣು, ಚೆಶ್ಮೆ ಅಂದರೆ ನೀರಿನ ಬುಗ್ಗೆಯೂ ಹೌದು. ಸೇತುವೆಗೆ ಸೀ-ಒ-ಸೆ ಚೆಶ್ಮೆ ಅನ್ನುವ ಹೆಸರೂ ಇದೆ. ನಮ್ಮ ಕಡೆಯೂ ಸೇತುವೆಯ ಕಮಾನಿಗೆ ಕಣ್ಣು ಅಂತಾರೆ, ಮಳೆಗಾಲದಲ್ಲಿ ಮರ ತೇಲಿ ಬಂದರೆ 'ಸೇತುವೆ ಕಣ್ಣಿಗೆ ಸಿಕ್ಕಿಕೊಂಡಿದೆ' ಅನ್ನುತ್ತಾರೆ. ಎರಡು ದೂರದ ಜನ ಅದೇ ಕಮಾನನ್ನು ನೋಡಿ ಅದೇ ಕಣ್ಣನ್ನು ಕಂಡದ್ದು ನನಗೆ ಬಹಳ ಖುಷಿ ಕೊಡುತ್ತದೆ.

ಇನ್ನೊಂದು ವಿಚಾರ. ಇರಾನಿನ ಸುದ್ದಿಗಳಲ್ಲಿ ಸಾರ್ವಜನಿಕ ಶೌಚಾಲಯಗಳನ್ನೂ ಚೆಶ್ಮೆಯಲ್ಲೇ ಎಣಿಸುತ್ತಾರೆ, ಇಂಥ ಊರಿನಲ್ಲಿ ಐವತ್ತು ಚೆಶ್ಮೆ ಕಟ್ಟಿಸಿದರು ಅಂತ. ಬರೀ ಬುಗ್ಗೆ ಅಂತ ಅರ್ಥ ಮಾಡಿಕೊಂಡರೆ ವಾಕ್ಯ ಹಳ್ಳ ಹಿಡಿಯುತ್ತದೆ, ಹುಷಾರು.


ಕಾವೇರಿತೀರ

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಆ 'ಎ' ವಿಚಾರ ಇಂದೇ ಗೆಳತಿಗೆ ಹೇಳಿದೆ, ಅವಳು ಕೂತಲ್ಲೇ ಇನ್ನಷ್ಟು ಪದ ಹುಡುಕತೊಡಗಿದಳು. ಆದರೆ ತಲೆಯ ವಿಚಾರ ಯಾರೂ ಹೇಳಲಿಲ್ಲ. ನಮ್ಮಲ್ಲಿ 'ತಲೆಗೆ ಇಷ್ಟು' ಅನ್ನುತ್ತೇವೆ. ಅಲ್ಲಿ ತಲೆ ಎಣಿಸುವುದಿಲ್ಲವಾ? ಅಂಕಿಗಳ ಪ್ರಶ್ನೆಯೂ ಹಾಗೇ ಉಳಿದಿದೆ.


ಕಲಬುರಗಿ_ಬಿಸಿಲು

ತಲೆ ಎಣಿಸದ ರಾಜ್ಯ ಯಾವುದಿದೆ ತಂಗಿ. ಜನಗಣತಿಗೆ ಫಾರ್ಸಿಯಲ್ಲಿ ಸರ್‌ಶೊಮಾರಿ ಅನ್ನುತ್ತಾರೆ, ನೇರವಾಗಿ ತಲೆ ಎಣಿಕೆ ಅಂತಲೇ. ಇಡೀ ಇರಾನಿನ ಮೊದಲ ಸರ್‌ಶೊಮಾರಿ ಆದದ್ದು 1956ರಲ್ಲಿ, ಆಗ ಸಿಕ್ಕ ಲೆಕ್ಕ ಸುಮಾರು 1.9 ಕೋಟಿ ಜನ. ತಲಾ ಆದಾಯ ಅನ್ನುವಲ್ಲಿನ 'ತಲಾ'ಕ್ಕೆ ಅವರ ಪದ ಸರಾನೆ. ನಮ್ಮ ತಲೆ, ಅವರ ಸರ್.

ಆದರೆ ಮಾತಿನ ಒಳಗೆ 'ಐದು ತಲೆ' ಅಂತ ಎಣಿಸುವುದು ಇವತ್ತು ದನ, ಕುರಿ, ಕುದುರೆಗಳಿಗೆ. ಅದಕ್ಕೂ ಬರವಣಿಗೆಯಲ್ಲಿ ಅರಬ್ಬಿಯ ರಾಸ್ ಬಳಸುತ್ತಾರೆ, ಅದೂ ತಲೆಯೇ. 'ಇನ್ನೂರು ರಾಸ್ ಗೂಸ್ಫಂದ್' ಅಂದರೆ ಇನ್ನೂರು ಕುರಿ. ನಮ್ಮ ಕಡೆ ದನಗಳಿಗೆ ರಾಸು ಅನ್ನುತ್ತೇವಲ್ಲ, ಆ ಪದದ ಬೇರೂ ಇಲ್ಲೇ ಇರಬಹುದು ಅಂತ ನನ್ನ ಅನುಮಾನ, ಖಚಿತವಾಗಿ ಬಲ್ಲವರು ಹೇಳಲಿ.

ಒಂಟೆಯ ಸಂಗತಿ ಬೇರೆ. ಒಂಟೆಗೆ ತಲೆಯ ಲೆಕ್ಕ ಇಲ್ಲ, ಮನುಷ್ಯರಿಗೆ ಹೇಳುವ ನಫರ್ ಅದಕ್ಕೂ. ಖರ್ಜೂರದ ಮರಕ್ಕೂ ನಫರ್ ಬಳಸುತ್ತಾರೆ. ಮರುಭೂಮಿಯ ಬದುಕಿನಲ್ಲಿ ಯಾರು ಯಾರು ಮನೆಯವರ ಸಮ ನಿಂತಿದ್ದರು ಅನ್ನುವುದು ಎಣಿಸುವ ಪದದಲ್ಲೇ ಕಾಣುತ್ತದೆ ಅಂತ ನನಗೆ ಅನಿಸುತ್ತದೆ. ನಾಯಿ, ಚಿರತೆ, ಸಿಂಹಕ್ಕೆ ಕಲ್ಲಾದೆ, ಅಂದರೆ ಕೊರಳಪಟ್ಟಿ. ಕಾಡಿನಲ್ಲಿ ಸ್ವತಂತ್ರವಾಗಿ ಓಡುವ ಚೀತಾವನ್ನೂ ಪತ್ರಿಕೆಗಳು ಕೊರಳಪಟ್ಟಿಯಲ್ಲೇ ಎಣಿಸುತ್ತವೆ. ಇದು ನನಗೆ ಹಿಡಿಸುವುದಿಲ್ಲ, ಕಟ್ಟಿ ಸಾಕುವ ಕಾಲದ ಪದವನ್ನು ಕಾಡಿಗೂ ಒಯ್ದ ಹಾಗಾಯಿತು.

ಮನುಷ್ಯರಿಗೆ ಇನ್ನೊಂದು ಪದ ತನ್, ಮೈ. ಸುದ್ದಿಯಲ್ಲಿ, ಗಂಭೀರ ಬರವಣಿಗೆಯಲ್ಲಿ ಬರುತ್ತದೆ. ಕರ್ಬಲಾದಲ್ಲಿ ಹುತಾತ್ಮರಾದವರನ್ನು ಹೇಳುವಾಗ 'ಹಫ್ತಾದ್-ಒ-ದೊ ತನ್' ಅನ್ನುತ್ತಾರೆ, ಎಪ್ಪತ್ತೆರಡು ಜನ. ಪ್ರವಾದಿ ಮುಹಮ್ಮದರು, ಅಲಿ, ಫಾತಿಮಾ, ಹಸನ್, ಹುಸೇನ್ ಈ ಐವರನ್ನು ಸೇರಿಸಿ 'ಪಂಜ್ ತನ್' ಅನ್ನುತ್ತಾರೆ, ಐದು ಮೈ. ಇದು ನಮ್ಮ ಭಾಗಕ್ಕೆ ದೂರದ ಮಾತಲ್ಲ. ನಮ್ಮ ಊರುಗಳಲ್ಲಿ ಮೊಹರಂ ಸಮಯದಲ್ಲಿ ಕೈಯ ಆಕಾರದ ಪಂಜಾ ಹಿಡಿದು ಮೆರವಣಿಗೆ ಬರುತ್ತದೆ, ಹಿಂದೂ ಮುಸ್ಲಿಂ ಎನ್ನದೆ ಎಲ್ಲರೂ ಸಕ್ಕರೆ ಓದಿಸುತ್ತಾರೆ. ಆ ಪಂಜಾದ ಐದು ಬೆರಳನ್ನು ಈ ಐವರು ಅಂತ ತಿಳಿಯುವುದುಂಟು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ ಮೇಲೆ ಇಲ್ಲಿ ಫಾರ್ಸಿ ಆಸ್ಥಾನದ ಭಾಷೆಯಾಗಿ ಬಹಳ ಕಾಲ ಇತ್ತು. ಅದರ ಕೈ ಕಾಲು ತಲೆಗಳು ಕನ್ನಡದಲ್ಲಿ ಇವತ್ತಿಗೂ ಓಡಾಡುತ್ತಿವೆ. ದಸ್ತಗಿರಿಯಲ್ಲಿ ಕೈ ಇದೆ, ಸರಹದ್ದಿನಲ್ಲಿ ತಲೆ ಇದೆ, ಪೈಜಾಮದಲ್ಲಿ ಕಾಲಿದೆ.

ಬೆನ್ನನ್ನು ಮರೆಯಬೇಡಿ. ಪೊಶ್ತ್ ಅಂದರೆ ಬೆನ್ನು ಅಂತ ಸಹನಾ ಅವರು ಹೇಳಿದರಲ್ಲ, ಅದೇ ಪೊಶ್ತ್‌ನಿಂದ ವಂಶವನ್ನು ಎಣಿಸುತ್ತಾರೆ. 'ಹಫ್ತ್ ಪೊಶ್ತ್' ಅಂದರೆ ಏಳು ತಲೆಮಾರು. ಯಾವ ಸಂಬಂಧವೂ ಇಲ್ಲದ ಮನುಷ್ಯನನ್ನು 'ಏಳು ಬೆನ್ನಿಗೂ ಪರಕೀಯ' ಅನ್ನುತ್ತಾರೆ. ನಮಗೆ ತಲೆಯಿಂದ ತಲೆಗೆ ಹೋಗುವ ವಂಶ ಅವರಿಗೆ ಬೆನ್ನಿನಿಂದ ಬೆನ್ನಿಗೆ ಹೋಗುತ್ತದೆ, ಏಳು ಮಾತ್ರ ಎರಡೂ ಕಡೆ ಏಳೇ.


ಗಣಿತದ_ಮೇಷ್ಟ್ರು

ಅಂಕಿಗಳ ಪ್ರಶ್ನೆಗೆ ನಾನು ಬರೆಯುತ್ತೇನೆ. ಯೆಕ್, ದೊ, ಸೆ ಮೊದಲಾದವು ಯಾವುದೂ ಬೆರಳಿನ ಹೆಸರಲ್ಲ, ಅವು ಸಂಸ್ಕೃತದ ಏಕ, ದ್ವಿ, ತ್ರಿಗಳ ಬಳಗ. ಐದು ಒಂದರ ಬಗ್ಗೆ ಮಾತ್ರ ಹಳೆಯ ಚರ್ಚೆ ಇದೆ. ಪಂಜ್, ಪಂಚ, ಯುರೋಪಿನ ಹಲವು ಭಾಷೆಗಳ ಐದು, ಇವೆಲ್ಲದರ ಮೂಲಪದಕ್ಕೂ ಮುಷ್ಟಿ, ಬೆರಳು ಅನ್ನುವ ಕೆಲವು ಪದಗಳಿಗೂ ನಂಟಿದೆ ಅನ್ನುವುದು ಭಾಷಾಶಾಸ್ತ್ರಜ್ಞರಲ್ಲಿ ಕೆಲವರ ವಾದ. ತೀರ್ಮಾನವಾದ ಮಾತಲ್ಲ. ಆದರೆ ಫಾರ್ಸಿಯ ಒಳಗೆ ನಡೆದದ್ದು ಸ್ಪಷ್ಟವಾಗಿದೆ, ಅಲ್ಲಿ ಅಂಕಿಯೇ ಮೈಗೆ ಹೆಸರು ಕೊಟ್ಟಿದೆ. ಪಂಜ್‌ಗೆ ಸಹನಾ ಅವರು ಹೇಳಿದ ಅದೇ 'ಎ' ಸೇರಿ ಪಂಜೆ, ಐದು ಬೆರಳಿನ ಹಸ್ತ, ಪ್ರಾಣಿಗಳ ಪಂಜ. ಕಲಬುರಗಿಯವರ ಪಂಜಾ ಕೂಡ ಅದೇ. ಉತ್ತರ ಕರ್ನಾಟಕದಲ್ಲಿ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ, ನಲವತ್ತಕ್ಕೆ ಕಣ್ಣು ಮಂಜಾಗುವುದರಿಂದ. ಅಲ್ಲೂ ಅಂಕಿಯಿಂದ ಮೈ ಕಡೆಗೇ ದಾರಿ.

ಮೈ ಅಂಕಿಯ ವ್ಯವಸ್ಥೆಯನ್ನೇ ರೂಪಿಸಿದ ಗುರುತು ಬೇಕಾದರೆ ಇರಾನಿ ಬಳಗದ ಇನ್ನೊಂದು ಭಾಷೆಗೆ ಹೋಗಬೇಕು. ಕಾಕಸಸ್ ಬೆಟ್ಟಗಳ ಒಸ್ಸೆಟಿಕ್. ಅಲ್ಲಿ ಹತ್ತರ ಲೆಕ್ಕದ ಜೊತೆಗೆ ಇಪ್ಪತ್ತರ ಲೆಕ್ಕವೂ ಇದೆ, ನಲವತ್ತು ಅಂದರೆ ಎರಡು ಇಪ್ಪತ್ತು, ಅರವತ್ತು ಅಂದರೆ ಮೂರು ಇಪ್ಪತ್ತು. ಇಪ್ಪತ್ತರ ಲೆಕ್ಕ ಎಲ್ಲೇ ಇರಲಿ, ಕೈಬೆರಳ ಜೊತೆ ಕಾಲ್ಬೆರಳನ್ನೂ ಎಣಿಸಿದ್ದರಿಂದ ಹುಟ್ಟಿತು ಅನ್ನುವುದು ಸಾಮಾನ್ಯ ವಿವರಣೆ. ಒಸ್ಸೆಟಿಕ್‌ನಲ್ಲಿ ನೆರೆಹೊರೆಯ ಪ್ರಭಾವವೂ ಇರಬೇಕು, ಪಕ್ಕದ ಜಾರ್ಜಿಯನ್, ಚೆಚೆನ್ ಭಾಷೆಗಳೂ ಇಪ್ಪತ್ತರಲ್ಲೇ ಎಣಿಸುತ್ತವೆ.

ಈಗ ನಿಜವಾಗಿ ಬೆರಗು ಹುಟ್ಟಿಸುವ ವಿಚಾರ. ಹಿಂದೆ ಇರಾನಿನಲ್ಲಿ, ಅರಬ್ಬರಲ್ಲಿ ಬೆರಳಿನ ಲೆಕ್ಕ ಅಂತ ಒಂದು ಪೂರ್ತಿ ಪದ್ಧತಿ ಇತ್ತು. ಒಂದು, ಎರಡು ಅಂತ ಬೆರಳು ಮಡಿಸುವ ಮಕ್ಕಳ ಲೆಕ್ಕ ಅಲ್ಲ. ಬಲಗೈಯ ಕಿರುಬೆರಳು, ಉಂಗುರದ ಬೆರಳು, ನಡುಬೆರಳು ಈ ಮೂರನ್ನು ಬೇರೆ ಬೇರೆ ಥರ ಮಡಿಸಿದರೆ ಒಂದರಿಂದ ಒಂಬತ್ತು. ತೋರುಬೆರಳು ಹೆಬ್ಬೆರಳುಗಳ ಭಂಗಿಯಿಂದ ಹತ್ತು, ಇಪ್ಪತ್ತು ಅಂತ ತೊಂಬತ್ತರವರೆಗೆ. ಎಡಗೈಗೆ ನೂರು ಮತ್ತು ಸಾವಿರಗಳು. ಎರಡೇ ಕೈಯಲ್ಲಿ 9999ರವರೆಗೆ ಹಿಡಿಯಬಹುದು. ಗದ್ದಲದ ಪೇಟೆಯಲ್ಲಿ ದೂರದಿಂದಲೇ ಬೆಲೆ ತೋರಿಸುವುದಕ್ಕೆ, ಮನಸ್ಸಿನಲ್ಲಿ ಕೂಡುವಾಗ ಕೈಗೆ ಬಂದದ್ದನ್ನು ಹಿಡಿದಿಟ್ಟುಕೊಳ್ಳುವುದಕ್ಕೆ ಇದಕ್ಕಿಂತ ಅನುಕೂಲ ಏನಿದೆ.

ಇದು ಎಷ್ಟು ಜನಬಳಕೆಯಲ್ಲಿತ್ತು ಅಂದರೆ ಕವಿತೆಗೂ ಬಂದಿದೆ. ಫಾರ್ಸಿಯ ಮಹಾಕವಿ ಫಿರ್ದೌಸಿಯ ಹೆಸರಿನಲ್ಲಿ ಘಜ್ನಿಯ ಮಹಮೂದನನ್ನು ನಿಂದಿಸುವ ಪದ್ಯವೊಂದಿದೆ. ಅದರ ಎಲ್ಲಾ ಸಾಲುಗಳೂ ಅವನವೇ ಅಲ್ಲ ಅನ್ನುವ ವಾದವೂ ಇದೆ. ಅದರಲ್ಲಿ ಒಂದು ಕಡೆ ರಾಜನ ಅಂಗೈ ಅಂದರೆ ಒಂಬತ್ತೊಂಬತ್ಲಿ ಮತ್ತು ಮೂರ್ನಾಲ್ಕಲಿ ಅಂತ ಬರುತ್ತದೆ. ಮಗ್ಗಿ ಹೇಳಿ ನೋಡಿ, 81 ಮತ್ತು 12, ಕೂಡಿದರೆ 93. ಬೆರಳಿನ ಲೆಕ್ಕದಲ್ಲಿ 93 ತೋರಿಸಿ. ಮೂರಕ್ಕೆ ಮೂರು ಬೆರಳೂ ಅಂಗೈಗೆ ಮಡಿಯುತ್ತವೆ. ತೊಂಬತ್ತಕ್ಕೆ ತೋರುಬೆರಳು ಸುರುಳಿಯಾಗಿ ಹೆಬ್ಬೆರಳ ಬುಡ ಸೇರುತ್ತದೆ. ಕೈ ಏನಾಯಿತು? ಬಿಗಿಮುಷ್ಟಿ. ರಾಜ ಜಿಪುಣ ಅಂತ ಒಂದೂ ಬೈಗುಳ ಇಲ್ಲದೆ ಹೇಳಿ ಮುಗಿಸಿದ. ಕೇಳುವವರ ಕೈಗೆ ಆ ಲೆಕ್ಕ ಗೊತ್ತಿದ್ದರೆ ಮಾತ್ರ ಈ ಸಾಲು ಮುಟ್ಟುತ್ತದೆ. ತರಗತಿಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುವಾಗ ಇದನ್ನು ಮಾಡಿಸುತ್ತೇನೆ, ಮುಷ್ಟಿ ಕಟ್ಟಿದ ಕ್ಷಣದಲ್ಲಿ ಅವರ ಮುಖ ನೋಡಬೇಕು.


ಕಾವೇರಿತೀರ

ಮೇಷ್ಟ್ರೇ, ಈಗ ತಾನೇ ಕೈ ಮಡಿಸಿ ನೋಡಿದೆ. ಎಷ್ಟು ಚೆನ್ನಾಗಿದೆ! ಕೊನೆಯದಾಗಿ ಒಂದು. ಇಷ್ಟೆಲ್ಲಾ ಪದಗಳಲ್ಲಿ ಯಾವುದನ್ನು ನಾನೇ ಬಾಯಲ್ಲಿ ಆಡಬೇಕು, ಯಾವುದು ಓದಿ ತಿಳಿದರೆ ಸಾಕು? ಗೆಳತಿಯ ತಂದೆ ತಾಯಿ ಮುಂದಿನ ತಿಂಗಳು ಬರುತ್ತಿದ್ದಾರೆ, ಅವರ ಮುಂದೆ ಸರಿಯಾಗಿ ಮಾತಾಡಬೇಕು ಅಂತ ಆಸೆ.


ಸಹನಾ_ಅನುವಾದ

ಪುಸ್ತಕಗಳಲ್ಲಿ ಈ ಪದಗಳ ಉದ್ದನೆಯ ಪಟ್ಟಿ ಕೊಟ್ಟಿರುತ್ತಾರೆ, ಬಂದೂಕಿಗೆ ಕಬ್ಜೆ, ಅಂದರೆ ಕೈಹಿಡಿತ, ಪುಸ್ತಕದ ಸಂಪುಟಕ್ಕೆ ಜೆಲ್ದ್, ಅಂದರೆ ಚರ್ಮ, ಆನೆಗೆ ಸರಪಳಿ ಅಂತ. ಅವು ಹೆಚ್ಚಾಗಿ ಕಚೇರಿಯ, ಪತ್ರಿಕೆಯ, ಪೊಲೀಸ್ ವರದಿಯ ಮಾತುಗಳು. ಎದುರಿಗೆ ಬಂದಾಗ ಗುರುತು ಸಿಕ್ಕರೆ ಸಾಕು. ಕಲಿಸುವವರು ಮೊದಲು ಈ ಪಟ್ಟಿಯನ್ನು ಕೈಗಿಟ್ಟು ಮನೆಯ ಮಾತನ್ನು ಆಮೇಲೆ ಹೇಳುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಭಾಷೆಯ ಜೀವ ಇರುವುದು ದಹನ್, ದೆಲ್, ಶೆಕಮ್, ಪೊಶ್ತ್‌ಗಳಲ್ಲಿ, ರಾಸ್ ಮತ್ತು ಕಬ್ಜೆಯಲ್ಲಿ ಅಲ್ಲ.

ದಿನದ ಮಾತಿಗೆ ಕುಂದಾಪುರದವರು ಹೇಳಿದ ತಾ, ದೂನೆ, ನಫರ್ ಗಟ್ಟಿ ಮಾಡಿಕೊಳ್ಳಿ. ಬಟ್ಟೆಗೆ, ಪಾತ್ರೆ ಸೆಟ್ಟಿಗೆ, ಆಟಕ್ಕೆ ದಸ್ತ್ ಧೈರ್ಯವಾಗಿ ಬಳಸಿ. ಊಟ ಬಡಿಸುವಾಗ 'ಇನ್ನು ಸಾಕು' ಅನ್ನಬೇಕಾದರೆ 'ಸೀರ್ ಶೊದಮ್' ಅನ್ನಿ, ಹೊಟ್ಟೆ ತುಂಬಿತು ಅಂತ. ಅವರು ಬಿಡುವುದಿಲ್ಲ, ಇನ್ನೊಂದು ಸಲ ಬಡಿಸುತ್ತಾರೆ, ಅದು ಅಲ್ಲಿನ ಉಪಚಾರ. 'ಎರಡು ಶೆಕಮ್' ಅನ್ನುವ ಹೆರಿಗೆಯ ಲೆಕ್ಕ ಹೆಂಗಸರ ನಡುವಿನ ಸಲಿಗೆಯ ಮಾತು, ಮೊದಲ ಭೇಟಿಯಲ್ಲಿ ಬೇಡ. ಮಕ್ಕಳೆಷ್ಟು ಅಂತ ಕೇಳಬೇಕಾದರೆ 'ಚಂದ್ ತಾ ಬಚ್ಚೆ ದಾರಿನ್?' ಸಾಕು, ಮರ್ಯಾದೆಯಾಗಿಯೂ ಇರುತ್ತದೆ.

ಮದುವೆಯ ಮಾತು ಬಂದರೆ ಕಲ್ಲೆ-ಕಂದ್ ಬಗ್ಗೆ ಕೇಳಿ. ಕಲ್ಲೆ ಅಂದರೆ ತಲೆ, ಕಂದ್ ಅಂದರೆ ಸಕ್ಕರೆ. ಗೋಪುರದಂತೆ ಎರಕ ಹೊಯ್ದ ಸಕ್ಕರೆಯ ಗಟ್ಟಿ ಅದು. ಮದುಮಕ್ಕಳ ತಲೆಯ ಮೇಲೆ ಬಟ್ಟೆ ಹಿಡಿದು, ಅದರ ಮೇಲೆ ಎರಡು ಕಲ್ಲೆ-ಕಂದ್ ಒಂದಕ್ಕೊಂದು ಉಜ್ಜಿ ಸಕ್ಕರೆ ಉದುರಿಸುತ್ತಾರೆ. ಆ ತಾಯಿಗೆ ಮಗಳ ಮದುವೆಯ ಕನಸು ಇದ್ದರೆ ನಿಮ್ಮ ಒಂದು ಪ್ರಶ್ನೆಗೆ ಸಂಜೆಯೆಲ್ಲಾ ಮಾತಾಡುತ್ತಾರೆ. ಊಟ ಆದ ಮೇಲೆ ತಂದೆಗೆ 'ಯೆ ದಹನ್ ಬೆಖೂನಿನ್' ಅನ್ನಿ, ದಯವಿಟ್ಟು ಒಂದು ಹಾಡು ಹೇಳಿ ಅಂತ. ಹಿರಿಯರಾದ್ದರಿಂದ ಕೊನೆಯ ಆ 'ಇನ್' ಬಿಡಬೇಡಿ, ಅದು ನಮ್ಮ 'ಹೇಳಿ' ಅನ್ನುವಲ್ಲಿನ ಗೌರವ.